ಮನೆಗೆ ಡಿಕ್ಯಾಂಟರ್ ಯಾವುದು ತಗೊಳ್ಳಲಿ? ಮಲೆನಾಡಿನವರ ಅನುಭವ

ಶಿವಮೊಗ್ಗ ವಿನೋಬನಗರದಿಂದ ಬಂದ ಪ್ರಶ್ನೆ:
ನಾನೂ ಮನೆಯವರೂ ತಿಂಗಳಿಗೆ ಎರಡು ಸಲ ರೆಡ್ ವೈನ್ ಕುಡಿಯುತ್ತೇವೆ, ಹೆಚ್ಚಾಗಿ ನಂದಿ ಬೆಟ್ಟದ ಕಡೆಯ ಕ್ಯಾಬರ್ನೆ-ಶಿರಾಜ್. ಬಾಟಲಿ ತೆರೆದ ಕೂಡಲೇ ಒಗರು ಜಾಸ್ತಿ, ಕೊನೆಯ ಲೋಟದ ಹೊತ್ತಿಗೆ ರುಚಿ ಹತ್ತುತ್ತದೆ. ಡಿಕ್ಯಾಂಟರ್, ಅಂದರೆ ಕುಡಿಯುವ ಮುಂಚೆ ವೈನನ್ನು ಬಾಟಲಿಯಿಂದ ಸುರಿದು ಗಾಳಿಗಿಡುವ ಗಾಜಿನ ಹೂಜಿ, ಇದ್ದರೆ ಮೊದಲ ಲೋಟವೇ ಹಾಗಿರುತ್ತದೆ ಅಂದರು. ಹಂಸದ ಕತ್ತಿನದ್ದು, ಅಗಲ ತಳದ್ದು, ಕೆತ್ತನೆಯ ಕ್ರಿಸ್ಟಲ್, ಮೂರನ್ನು ನೋಡಿಟ್ಟಿದ್ದೇನೆ. ನಮ್ಮ ಮಳೆಗಾಲದಲ್ಲಿ ಬಳಸಿ ಗೊತ್ತಿದ್ದವರು ಹೇಳಿ.

ತೀರ್ಥಹಳ್ಳಿಯಿಂದ:
ಹಂಸದ ಕತ್ತಿನದ್ದು ಬೇಡ ಮಾರಾಯ್ರೆ. ನಮ್ಮ ಮನೆಗೆ ಮೊದಲು ಬಂದದ್ದು ಅದೇ, ಅಣ್ಣ ಕೊಟ್ಟ ಉಡುಗೊರೆ. ನೋಡಲು ಬಲು ಚೆಂದ. ಆಷಾಢದಲ್ಲಿ ಒಂದು ದಿನ ತೊಳೆದು ಬೋರಲು ಹಾಕಿದ್ದೆ. ನಾಲ್ಕು ದಿನ ಬಿಟ್ಟು ನೋಡಿದರೆ ಕತ್ತಿನ ತಿರುವಿನಲ್ಲಿ ಹನಿಗಳು ಹಾಗೇ ಕೂತಿವೆ, ಮೂಗಿನ ಹತ್ತಿರ ತಂದರೆ ಒದ್ದೆ ಕಂಬಳಿಯ ಮುಗ್ಗಲು ವಾಸನೆ. ಅದಕ್ಕೆ ಹೊಯ್ದ ವೈನಿಗೂ ಅದೇ ವಾಸನೆ ಹತ್ತಿತು. ಸೋಪು ಹಾಕಿ ತೊಳೆದೆ, ಸೋಪಿನ ವಾಸನೆ ಕೂತಿತು. ಕೊನೆಗೆ ಬಚ್ಚಲ ಹಂಡೆಯಿಂದ ಕುದಿನೀರು ತಂದು ಹೊಯ್ದೆ. ಟಿಣ್ ಅಂತ ಸಣ್ಣ ಸದ್ದು, ತಳದಿಂದ ಕತ್ತಿನವರೆಗೆ ಕೂದಲೆಳೆಯಂಥ ಬಿರುಕು. ತಣ್ಣಗಿದ್ದ ಗಾಜಿಗೆ ಒಮ್ಮೆಲೇ ಬಿಸಿ ತಾಗಿದರೆ ಒಳಮೈ ಹಿಗ್ಗುತ್ತದೆ, ಹೊರಮೈ ಹಿಗ್ಗಲು ತಡ, ಅಷ್ಟಕ್ಕೇ ಒಡೆಯುತ್ತದೆ. ಆ ದಿನ ಊಟ ಸೇರಲಿಲ್ಲ ನನಗೆ.

ಅದಕ್ಕೇ ಹೇಳುವುದು, ನಮ್ಮ ಕಡೆಯವರು ಮೊದಲು ನೋಡಬೇಕಾದದ್ದು ಒಣಗುತ್ತದೋ ಇಲ್ಲವೋ ಅಂತ. ತಳ ಅಗಲ ಇರಲಿ, ಕತ್ತು ನೆಟ್ಟಗಿರಲಿ, ಬಾಯಿಂದ ಬಾಟಲಿ ಬ್ರಷ್ಷು ಸಲೀಸಾಗಿ ಇಳಿದು ತಳದ ಮೂಲೆ ಮುಟ್ಟಲಿ. ಈಗ ನನ್ನ ಹತ್ತಿರ ಇರುವುದು ಅಂಥದ್ದೇ. ಉಗುರುಬೆಚ್ಚಗಿನ ನೀರಲ್ಲಿ ಎರಡು ಸಲ ಜಾಲಿಸುತ್ತೇನೆ. ಕಲೆ ಉಳಿದಿದ್ದರೆ ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಗರಗರ ತಿರುಗಿಸುತ್ತೇನೆ. ಬಾವಿ ನೀರಿನ ಕೆಂಪು ಕೂತಿದ್ದರೆ ಲಿಂಬೆರಸ. ಆಮೇಲೆ ಹಳೇ ಹತ್ತಿ ಪಂಚೆಯ ಉದ್ದ ತುಂಡನ್ನು ಹುರಿ ಮಾಡಿ, ತಳಕ್ಕೆ ತಾಗುವ ಹಾಗೆ ಕತ್ತಿನೊಳಗೆ ಇಳಿಬಿಟ್ಟು ರಾತ್ರಿಯಿಡೀ ಬಿಡುತ್ತೇನೆ. ನೀರನ್ನು ಅದೇ ಹೀರಿಕೊಳ್ಳುತ್ತದೆ. ಬೋರಲು ಹಾಕುವುದಾದರೆ ಬಾಯಿ ಮೇಜಿಗೆ ಒತ್ತಿಕೊಳ್ಳಬಾರದು, ಗಾಳಿ ಒಳಗೆ ಹೋಗಲು ಸಂದು ಬೇಕು.

ಒಗರಿನ ಮಾತು ಕೇಳಿದಿರಲ್ಲ. ಅಡಿಕೆ ಬೇಯಿಸಿದ ಚೊಗರನ್ನು ನಾಲಿಗೆಗೆ ಮುಟ್ಟಿಸಿದವರಿಗೆ ಅದನ್ನು ವಿವರಿಸಬೇಕಿಲ್ಲ, ಟ್ಯಾನಿನ್ ಅಂದರೆ ಅದೇ. ಗಾಳಿ ತಾಗಿದರೆ ಆ ಒಗರು ನಾಲಿಗೆಗೆ ತಗ್ಗಿದಂತಾಗುತ್ತದೆ. ಬಿರಡೆ ತೆಗೆದು ಬಾಟಲಿ ಹಾಗೇ ಇಟ್ಟರೆ ಹೆಚ್ಚೇನೂ ಆಗುವುದಿಲ್ಲ, ಕತ್ತಿನಲ್ಲಿ ಗಾಳಿಗೆ ಸಿಗುವುದು ನಾಣ್ಯದಷ್ಟು ಜಾಗ. ಅಗಲ ತಳದ ಪಾತ್ರೆಯಲ್ಲಿ ಅದು ಊಟದ ತಟ್ಟೆಯಷ್ಟಾಗುತ್ತದೆ. 750 ಮಿ.ಲೀ. ಹೊಯ್ದಾಗ ವೈನ್ ಹೊಟ್ಟೆಯ ಅತಿ ಅಗಲದ ಜಾಗಕ್ಕೆ ಬರಬೇಕು. ಒಂದೂವರೆ ಲೀಟರಿನದ್ದಾದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಿಮ್ಮಂಥ ಎಳೆಯ ಕ್ಯಾಬರ್ನೆ-ಶಿರಾಜಿಗೆ ಅರ್ಧ ಗಂಟೆಯಿಂದ ಒಂದು ಗಂಟೆ. ನಡುನಡುವೆ ಒಂದೊಂದು ಗುಟುಕು ಕುಡಿದು ನೋಡಿ, ಗಡಿಯಾರಕ್ಕಿಂತ ನಾಲಿಗೆಯನ್ನು ನಂಬಿ.

ಸಾಗರದಿಂದ:
ದುಡ್ಡು ಹಾಕುವ ಮುಂಚೆ ಒಂದು ಪ್ರಯೋಗ ಮಾಡಿ. ಮನೆಯಲ್ಲಿರುವ ಅಗಲ ಬಾಯಿಯ ಬೋರೋಸಿಲಿಕೇಟ್ ಜಗ್ಗಿಗೆ ಬಾಟಲಿಯನ್ನು ಪೂರ್ತಿ ಸುರಿಯಿರಿ, ಬಾಟಲಿ ತೊಳೆದು ಲಾಳಿಕೆ ಇಟ್ಟು ವಾಪಸು ಹೊಯ್ಯಿರಿ. ಎರಡು ಸಲ ಗಾಳಿ ತಾಗಿತು. ಮೂರು ವರ್ಷದಿಂದ ನಾವು ಇಷ್ಟೇ ಮಾಡುತ್ತಿರುವುದು. ಆ ಗಾಜು ಬಿಸಿಯನ್ನೂ ತಡೆಯುತ್ತದೆ, ಜಗ್ಗು ಮಾಮೂಲಿ ದಿನ ಮಜ್ಜಿಗೆಗೂ ಆಗುತ್ತದೆ, ವೈನ್ ಹೊಯ್ಯುವ ಮುಂಚೆ ಮಜ್ಜಿಗೆ ವಾಸನೆ ಪೂರ್ತಿ ಹೋಗಿರಬೇಕು ಅಷ್ಟೆ. ಫ್ರಾನ್ಸಿನ ವೈನ್ ವಿಜ್ಞಾನಿ ಎಮಿಲ್ ಪೇನೋ (1912–2004) ಗಷ್ಟು ಇದ್ದರಷ್ಟೇ ಡಿಕ್ಯಾಂಟ್ ಮಾಡಿ, ಅದೂ ಬಡಿಸುವ ಹೊತ್ತಿಗೆ, ಗಾಳಿ ಲೋಟದಲ್ಲೇ ಸಿಗುತ್ತದೆ ಎನ್ನುತ್ತಿದ್ದವರು. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಒಗರು ತಗ್ಗಿದ್ದು ನಮ್ಮ ನಾಲಿಗೆಗೇ ಗೊತ್ತಾಗಿದೆ.

ಕೊಪ್ಪದಿಂದ:
ಗಷ್ಟಿನ ವಿಷಯ ನಾನು ಹೇಳುತ್ತೇನೆ. ಮಾವನವರು ಹನ್ನೆರಡು ವರ್ಷ ಇಟ್ಟಿದ್ದ ಒಂದು ಬಾಟಲಿ ಇತ್ತು. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಟ್ಟೆವು, ಗಷ್ಟು ತಳಕ್ಕೆ ಇಳಿಯಲಿ ಅಂತ. ಸುರಿಯುವಾಗ ಬಾಟಲಿಯ ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿದೆ. ತಿಳಿಯಾದ ಕೆಂಪು ಇಳಿಯುತ್ತಾ ಇಳಿಯುತ್ತಾ, ಕೊನೆಗೆ ಹೊಗೆಯ ಎಳೆಯಂತೆ ಕಪ್ಪು ಕತ್ತಿನತ್ತ ಬಂತು. ಅಲ್ಲಿಗೆ ನಿಲ್ಲಿಸಿದೆವು. ಒಂದೆರಡು ಗುಟುಕು ಬಾಟಲಿಯಲ್ಲೇ ಉಳಿಯಿತು, ಉಳಿಯಲಿ. ಹಳೆಯದನ್ನು ಅಗಲ ತಳದಲ್ಲಿ ಗಂಟೆಗಟ್ಟಲೆ ಇಡಬಾರದು, ಪರಿಮಳ ಹಾರಿಹೋಗುತ್ತದೆ. ಸಣ್ಣ ಹೊಟ್ಟೆಯದ್ದು ಸಾಕು, ಸುರಿದ ಕೂಡಲೇ ಕುಡಿಯಬೇಕು.

ವಿನೋಬನಗರದಿಂದ ಮತ್ತೆ:
ಹಂಸ ಬಿಟ್ಟೆ. ಕೆತ್ತನೆಯ ಕ್ರಿಸ್ಟಲ್ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ಏಪ್ರಿಲ್ ಸೆಕೆಯಲ್ಲಿ ಒಂದು ಗಂಟೆ ಹೊರಗಿಟ್ಟರೆ ವೈನ್ ಬೆಚ್ಚಗಾಗುವುದಿಲ್ಲವೇ?

ತೀರ್ಥಹಳ್ಳಿಯಿಂದ:
ಹಳೇ ಕಾಲದ ಕ್ರಿಸ್ಟಲ್‌ನಲ್ಲಿ ಸೀಸ ಇರುತ್ತದೆ. ಲೆಡ್ ಕ್ರಿಸ್ಟಲ್ ಎಂದು ಕರೆಯಬೇಕಾದರೆ ಯುರೋಪಿನ ನಿಯಮದಲ್ಲಿ ಕನಿಷ್ಠ 24 ಶೇಕಡಾ ಸೀಸದ ಆಕ್ಸೈಡ್ ಬೇಕು. ವೈನ್ ಹುಳಿ ಪದಾರ್ಥ, ಇಟ್ಟಷ್ಟೂ ಸೀಸ ಅದರೊಳಗೆ ಬಿಡುತ್ತಾ ಹೋಗುತ್ತದೆ. ಅದರಲ್ಲಿ ರಾತ್ರಿಯಿಡೀ ತುಂಬಿಡುವ ಮಾತೇ ಬೇಡ. ಸೀಸವಿಲ್ಲದ ಕ್ರಿಸ್ಟಲ್ಲೂ ಸಿಗುತ್ತದೆ, ಡಬ್ಬಿಯ ಮೇಲೆ ಬರೆದಿದೆಯಾ ನೋಡಿಯೇ ತಗೊಳ್ಳಿ. ಬರೆದಿಲ್ಲದಿದ್ದರೆ ಬಿಡಿ.

ಸೆಕೆಗೆ ಸುಲಭ ಉಪಾಯ ಇದೆ. ರೆಡ್ ವೈನಿಗೆ 16ರಿಂದ 18 ಡಿಗ್ರಿ ಹಿತ, ಏಪ್ರಿಲಿನಲ್ಲಿ ನಮ್ಮ ಜಗಲಿ ಮೂವತ್ತು ದಾಟಿರುತ್ತದೆ. ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಆಮೇಲೆ ಸುರಿಯಿರಿ. ಡಿಕ್ಯಾಂಟರನ್ನು ಅಗಲ ಪಾತ್ರೆಯ ತಣ್ಣೀರಿನಲ್ಲಿ ಕೂರಿಸಿ, ಎರಡು ಬೆರಳು ಎತ್ತರ ನೀರಿದ್ದರೆ ಸಾಕು. ಬಗ್ಗಿಸುವ ಮುಂಚೆ ತಳ ಒರೆಸಿಕೊಳ್ಳಿ, ಒದ್ದೆ ಗಾಜು ಕೈಯಿಂದ ಜಾರುತ್ತದೆ.