ಬಿಎಗೆ ಸೈಕಾಲಜಿ ತಗೊಳ್ಳಲಾ? ಇಂಗ್ಲಿಷ್ ಮತ್ತು ಲೆಕ್ಕದ ಭಯ ಇದೆ

ಗದಗಿನ ಹುಡುಗಿ:
ಎಲ್ಲರಿಗೂ ನಮಸ್ಕಾರ ರೀ. ನಂದು ಪಿಯುಸಿ ಆರ್ಟ್ಸ್ ಮುಗಿದಿದೆ, ಓದಿದ್ದೆಲ್ಲ ಕನ್ನಡ ಮಾಧ್ಯಮ. ಧಾರವಾಡದಲ್ಲಿ ಬಿಎ ಸೇರಿ ಸೈಕಾಲಜಿ ತಗೊಳ್ಳಬೇಕು ಅಂತ ಆಸೆ. ಅಪ್ಪ ಮಾತ್ರ "ಅದನ್ನ ಓದಿ ಹುಚ್ಚರ ಡಾಕ್ಟರ್ ಆಗ್ತೀಯೇನು?" ಅಂತಾರೆ. ನನಗೆ ಮಕ್ಕಳು ಹೇಗೆ ಬೆಳೀತಾರೆ, ಹೇಗೆ ಯೋಚನೆ ಮಾಡ್ತಾರೆ ಅನ್ನೋದು ತಿಳ್ಕೋಬೇಕು. ಅಕ್ಕನ ಮಗ ನಮ್ಮ ಮನೆಯಲ್ಲೇ ಬೆಳೆದಿದ್ದು, ಅವನನ್ನು ನೋಡಿ ನೋಡಿ ಹುಟ್ಟಿದ ಆಸೆ ಇದು. ಆದರೆ ಒಳ್ಳೆ ಪುಸ್ತಕ ಎಲ್ಲ ಇಂಗ್ಲಿಷಿನಲ್ಲೇ ಇರುತ್ತವೆ, ಸ್ಟ್ಯಾಟಿಸ್ಟಿಕ್ಸ್ ಬೇರೆ ಬರುತ್ತೆ ಅಂತ ಗೆಳತಿ ಹೇಳಿದಳು. ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಗಣಿತ ಮುಟ್ಟಿಲ್ಲ. ಶುರುವಿನಲ್ಲಿ ನಿಜವಾಗಿ ಏನು ಕಲಿಸ್ತಾರೆ?

ಧಾರವಾಡದ ಹಳೇ ವಿದ್ಯಾರ್ಥಿ:
ತಗೋ ತಂಗಿ, ಧೈರ್ಯವಾಗಿ ತಗೋ. ಶುರುವಿನಲ್ಲಿ ಹುಚ್ಚು, ಡಾಕ್ಟರು ಯಾವುದೂ ಜಾಸ್ತಿ ಬರಲ್ಲ. ವುಂಟ್ ಅನ್ನೋ ವಿಜ್ಞಾನಿ 1879ರಲ್ಲಿ ಜರ್ಮನಿಯ ಲೈಪ್ಜಿಗ್‌ನಲ್ಲಿ ಸೈಕಾಲಜಿ ಪ್ರಯೋಗಾಲಯ ತೆರೆದದ್ದರಿಂದ ಪಾಠ ಶುರುವಾಗುತ್ತೆ, ಆಮೇಲೆ ಮೆದುಳು, ಕಣ್ಣು-ಕಿವಿ, ಕಲಿಕೆ, ನೆನಪು, ಬುದ್ಧಿಶಕ್ತಿ, ವ್ಯಕ್ತಿತ್ವ. ನಮ್ಮ ರಾಜ್ಯದಲ್ಲೂ ಇದು ಹೊಸದಲ್ಲ, ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಗೋಪಾಲಸ್ವಾಮಿಯವರು ಸೈಕಾಲಜಿ ವಿಭಾಗ ಕಟ್ಟಿದರು. ಇದನ್ನು ಅಪ್ಪನಿಗೂ ಹೇಳು.

ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಪ್ರಾಕ್ಟಿಕಲ್. ಕನ್ನಡಿ ನೋಡಿಕೊಂಡು ನಕ್ಷತ್ರ ಬರೆಯುವ ಒಂದು ಪ್ರಯೋಗ ಇದೆ. ಕೈ ನೇರ ಕಾಣದ ಹಾಗೆ ಒಂದು ಹಲಗೆ ಅಡ್ಡ ಇಡ್ತಾರೆ, ಕನ್ನಡಿಯಲ್ಲಿ ಮಾತ್ರ ನೋಡಬೇಕು, ನಕ್ಷತ್ರದ ಗೆರೆ ಬಿಟ್ಟು ಆಚೆ ಹೋಗಬಾರದು. ಮೊದಲ ಸಲ ಕೈ ಮುಂದೆ ಹೋಗು ಅಂದ್ರೆ ಹಿಂದೆ ಬರುತ್ತೆ, ಮೂಲೆಗೆ ಬಂದರಂತೂ ಅಲ್ಲೇ ನಿಂತು ಅಲ್ಲಾಡುತ್ತೆ. ಮಾಡ್ತಾ ಮಾಡ್ತಾ ತಪ್ಪು ಕಡಿಮೆ ಆಗುತ್ತೆ, ಟೈಮೂ ಇಳಿಯುತ್ತೆ. ಆಮೇಲೆ ಪ್ರಾಕ್ಟೀಸೇ ಮಾಡದ ಇನ್ನೊಂದು ಕೈಯಲ್ಲಿ ಬರೆಸಿದರೆ ಅದೂ ಮೊದಲಿಗಿಂತ ಚೆನ್ನಾಗಿ ಬರೆಯುತ್ತೆ! ಒಂದು ಕೈ ಕಲಿತಿದ್ದು ಇನ್ನೊಂದಕ್ಕೂ ದಾಟುತ್ತೆ ಅನ್ನೋದನ್ನು ಓದೋದು ಬೇರೆ, ಕಣ್ಣಾರೆ ನೋಡೋದು ಬೇರೆ.

ಬೆಳವಣಿಗೆಯ ಪಾಠದಲ್ಲಿ ಮಕ್ಕಳ ಯೋಚನೆ ಬೆಳೆಯುವ ಬಗ್ಗೆ ಪಿಯಾಜೆ ಅನ್ನೋ ಮನೋವಿಜ್ಞಾನಿ ಹೇಳಿದ ನಾಲ್ಕು ಹಂತ, ಹುಟ್ಟಿನಿಂದ ಮುಪ್ಪಿನವರೆಗೆ ವ್ಯಕ್ತಿತ್ವ ಬೆಳೆಯುವ ಬಗ್ಗೆ ಎರಿಕ್‌ಸನ್‌ನ ಎಂಟು ಹಂತ ವಯಸ್ಸಿನ ಸಮೇತ ಬಾಯಿಪಾಠ ಮಾಡಿಬಿಡು, ಪರೀಕ್ಷೆಗೆ ಬಂದೇ ಬರುತ್ತೆ.

ಹಾವೇರಿ ಅಂಗನವಾಡಿ ಟೀಚರ್:
ಸರ್, ಪರೀಕ್ಷೆಗೆ ಬಾಯಿಪಾಠ ಸರಿ, ಆದರೆ ಈ ತಂಗಿಗೆ ಅಷ್ಟೇ ಹೇಳಿ ಬಿಡಬೇಡಿ. ಮೂರರಿಂದ ಆರು ವರ್ಷದ ಮಕ್ಕಳ ಜೊತೆ ದಿನಾ ಇರೋಳು ನಾನು, ವಯಸ್ಸು ನೋಡಿ ಹಂತ ಬದಲಾಗಲ್ಲ.

ತಂಗಿ, ಅಕ್ಕನ ಮಗನಿಗೆ ಐದು ವರ್ಷದ ಆಸುಪಾಸು ಇದ್ದರೆ ಒಂದು ಕೆಲಸ ಮಾಡು. ಒಂದೇ ಥರದ ಎರಡು ಲೋಟದಲ್ಲಿ ಸಮ ಸಮ ಮಜ್ಜಿಗೆ ಹಾಕು, ಎರಡೂ ಒಂದೇ ಅಂತ ಅವನ ಬಾಯಲ್ಲೇ ಹೇಳಿಸು. ಆಮೇಲೆ ಅವನ ಕಣ್ಣೆದುರೇ ಒಂದನ್ನು ಸಪೂರ ಇರೋ ಎತ್ತರದ ಗ್ಲಾಸಿಗೆ ಸುರಿ, ಈಗ ಯಾವುದರಲ್ಲಿ ಜಾಸ್ತಿ ಅಂತ ಮತ್ತೆ ಕೇಳು. ಎತ್ತರದ್ದರಲ್ಲೇ ಜಾಸ್ತಿ ಇದೆ ಅಂತ ಬೆರಳು ಇಟ್ಟು ತೋರಿಸ್ತಾನೆ, ಬಹಳ ಸಲ ಹಾಗೇ ಆಗುತ್ತೆ. ಪಿಯಾಜೆ ಹೇಳಿದ್ದು ಇದನ್ನೇ. ಆದರೆ ದೊಡ್ಡವರು ಒಂದೇ ಪ್ರಶ್ನೆ ಎರಡು ಸಲ ಕೇಳಿದರೆ ಮಗು "ಮೊದಲು ಹೇಳಿದ್ದು ತಪ್ಪಿರಬೇಕು" ಅಂದುಕೊಂಡು ಉತ್ತರ ಬದಲಿಸಬಹುದು ಅಲ್ವಾ? 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಅನ್ನೋ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದರು. ಎರಡು ಸಾಲಿನಲ್ಲಿ ಸಮ ಸಮ ಇಟ್ಟ ಬಿಲ್ಲೆಗಳಲ್ಲಿ ಒಂದು ಸಾಲನ್ನು ದೊಡ್ಡವರ ಬದಲು ತುಂಟ ಗೊಂಬೆ ಬಂದು ಕೆಡಿಸಿದ ಹಾಗೆ ಮಾಡಿದಾಗ ಎರಡೂ ಸಾಲು ಸಮ ಅಂತ ಹೆಚ್ಚು ಮಕ್ಕಳು ಸರಿ ಉತ್ತರ ಕೊಟ್ಟರು. ಮಗು ದಡ್ಡ ಅಲ್ಲ, ನಾವು ಕೇಳೋ ರೀತಿಯೂ ಲೆಕ್ಕಕ್ಕೆ ಬರುತ್ತೆ.

ಮಕ್ಕಳ ಬೆಳವಣಿಗೆಯೇ ಮುಖ್ಯ ಅಂದ್ರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಹಿಂದೆ ಹೋಂ ಸೈನ್ಸ್ ಅಂತಿದ್ದ ಕೋರ್ಸನ್ನೂ ವಿಚಾರಿಸು. ಮಾನವ ಅಭಿವೃದ್ಧಿ ಅಂತಲೇ ಒಂದು ವಿಭಾಗ ಇದೆ ಅಲ್ಲಿ. ಆರ್ಟ್ಸ್‌ನವರಿಗೆ ಪ್ರವೇಶ ಇದೆಯಾ ಅಂತ ಮೊದಲೇ ಕೇಳಿಕೋ.

ಹುಬ್ಬಳ್ಳಿ ಕೌನ್ಸೆಲರ್:
ಅಕ್ಕಾವ್ರ ಮಾತು ನೂರಕ್ಕೆ ನೂರು ಸರಿ. ಒಂದು ಸೇರಿಸ್ತೀನಿ. ತಾಯಿ-ಮಗುವಿನ ಬಾಂಧವ್ಯದ ಪಾಠದಲ್ಲಿ ಏನ್ಸ್‌ವರ್ತ್ ಅನ್ನೋ ಮನೋವಿಜ್ಞಾನಿ ಬರ್ತಾರೆ. ತಾಯಿ ಸ್ವಲ್ಪ ಹೊತ್ತು ಕೋಣೆ ಬಿಟ್ಟು ಹೋಗಿ ವಾಪಸ್ ಬಂದಾಗ ಮಗು ಏನು ಮಾಡುತ್ತೆ ಅಂತ ನೋಡಿದ್ದು ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಅಜ್ಜಿ, ದೊಡ್ಡಮ್ಮ, ಅತ್ತೆ ಎಲ್ಲರ ಕೈಯಲ್ಲಿ ಬೆಳೆದ ನಮ್ಮ ಮಗು ತಾಯಿ ಆಚೆ ಹೋದರೆ ಅಳದೇ ಇರಬಹುದು, ಹಾಗಂತ ಬಾಂಧವ್ಯ ಕಡಿಮೆ ಅಂತ ಬರೆಯೋಕಾಗುತ್ತಾ? ಈ ಪ್ರಶ್ನೆ ಕ್ಲಾಸಿನಲ್ಲಿ ಕೇಳು, ಸುಮ್ನೆ ಕೂರಬೇಡ.

ಅಪ್ಪನಿಗೆ ಇಷ್ಟು ಹೇಳು. ಔಷಧಿ ಬರೆಯುವ ಮನೋವೈದ್ಯರು ಎಂಬಿಬಿಎಸ್ ಓದಿ ಮುಂದೆ ಹೋದವರು, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದರೆ ಅಂಥವರು ಸಿಗ್ತಾರೆ. ನಿನ್ನ ದಾರಿ ಬೇರೆ. ಬರೀ ಬಿಎ ಮುಗಿಸಿ ಬೋರ್ಡ್ ಹಾಕೋಕಾಗಲ್ಲ. ಮಾನಸಿಕ ತೊಂದರೆಗೆ ಔಷಧಿ ಇಲ್ಲದೆ ಪರೀಕ್ಷೆ, ಚಿಕಿತ್ಸೆ ಮಾಡೋ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಂದ್ರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಮಾನ್ಯತೆ ಇರೋ ತರಬೇತಿ ಮುಗಿಸಿ ನೋಂದಣಿ ಮಾಡಿಸಬೇಕು, ವರ್ಷಗಳು ಹಿಡಿಯುತ್ತೆ. ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ.

ಗದಗಿನ ಹುಡುಗಿ:
ತುಂಬಾ ಥ್ಯಾಂಕ್ಸ್ ರೀ ಎಲ್ಲರಿಗೂ. ಅಕ್ಕಾವ್ರೆ, ಅವನಿಗೆ ಈಗ ಐದೂವರೆ, ಇವತ್ತೇ ಮಜ್ಜಿಗೆ ಸುರಿದು ನೋಡ್ತೀನಿ. ಲೆಕ್ಕದ್ದು ಯಾರೂ ಹೇಳಲಿಲ್ಲ?

ಧಾರವಾಡದ ಹಳೇ ವಿದ್ಯಾರ್ಥಿ:
ಶುರುವಿಗೆ ಸರಾಸರಿ, ಮಧ್ಯಾಂಕ, ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋದು), ಮುಂದೆ ಕೋರಿಲೇಷನ್ (ಎರಡು ವಿಷಯ ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಅನ್ನೋದು). ಕೂಡಿಸು, ಕಳೆ, ಗುಣಿಸು, ಭಾಗಿಸು, ವರ್ಗಮೂಲ ಬಂದರೆ ಸಾಕು. ಎಸ್ಸೆಸ್ಸೆಲ್ಸಿ ಗಣಿತದ ಸಂಖ್ಯಾಶಾಸ್ತ್ರದ ಅಧ್ಯಾಯ ತೆಗೆದು ರಜೆಯಲ್ಲಿ ಒಂದು ಸಲ ಮಾಡು. ಇಂಗ್ಲಿಷ್ ಪದಗಳಿಗೆ ಒಂದು ನೋಟ್‌ಬುಕ್ ಇಡು, ಪ್ರತಿ ಪದದ ಪಕ್ಕ ಮನೆಯಲ್ಲಿ ಕಂಡ ಒಂದು ಉದಾಹರಣೆ ಬರಿ. ಉತ್ತರ ಕನ್ನಡದಲ್ಲಿ ಬರೆಯೋಕೆ ಬಿಡ್ತಾರಾ ಅಂತ ಅಡ್ಮಿಷನ್‌ಗೆ ಹೋದಾಗಲೇ ವಿಭಾಗದವರನ್ನು ಕೇಳು, ಫೀ ಕಟ್ಟಿದ ಮೇಲಲ್ಲ.