100 ಎಂಬಿ ಎಂದರೆ ಯಾವ ಎಂಬಿ?

ಮಲೆನಾಡಿಗ:
ಕಳೆದ ವಾರ ಮನೆಗೆ ಫೈಬರ್ ಸಂಪರ್ಕ ಹಾಕಿಸಿದೆ. ಯೋಜನೆ 100 ಎಂಬಿಪಿಎಸ್. ನಿನ್ನೆ 4 ಜಿಬಿಯ ಕಡತವೊಂದನ್ನು ಇಳಿಸಿಕೊಳ್ಳಲು ಕೂತೆ. 40 ಸೆಕೆಂಡಿನಲ್ಲಿ ಮುಗಿಯಬೇಕಿತ್ತು, 6 ನಿಮಿಷ ಹಿಡಿಯಿತು. ಪರದೆಯ ಮೂಲೆಯಲ್ಲಿ 11.2 ಎಂಬಿ ಎಂದು ತೋರಿಸುತ್ತಿದ್ದದ್ದು ಅಲ್ಲಿಂದ ಕದಲಲೇ ಇಲ್ಲ. ದುಡ್ಡು ಕೊಡುವುದು 100ಕ್ಕೆ, ಸಿಗುವುದು 11. ಇದು ಮೋಸವಲ್ಲವೇ?

ತಂತಿ ಶಿವು:
ಅಲ್ಲ ಸರ್, ನಿಮ್ಮ ಸಂಪರ್ಕ ಸರಿಯಾಗಿಯೇ ಇದೆ. ಯೋಜನೆಯ ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್, ಪರದೆಯಲ್ಲಿರುವುದು ಸೆಕೆಂಡಿಗೆ ಇಷ್ಟು ಮೆಗಾಬೈಟ್. 8 ಬಿಟ್ ಕೂಡಿದರೆ 1 ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ಮನೆಮನೆಗೆ ತಂತಿ ಎಳೆಯುವ ಕೆಲಸ ನನ್ನದು. ಈ ಪ್ರಶ್ನೆ ಕೇಳದ ವಾರವೇ ಇಲ್ಲ.

ಮಲೆನಾಡಿಗ:
ಹಾಗಿದ್ದರೆ 12.5 ಆದರೂ ಬರಬೇಕಲ್ಲ? ಉಳಿದ 1.3 ಎಲ್ಲಿ ಹೋಯಿತು?

ತಂತಿ ಶಿವು:
ಎರಡು ಕಡೆ ಹೋಯಿತು. ಕಡತ ಇಡಿಯಾಗಿ ಬರುವುದಿಲ್ಲ, ಸುಮಾರು 1,500 ಬೈಟಿನ ಪೊಟ್ಟಣಗಳಾಗಿ ಬರುತ್ತದೆ. ಪ್ರತಿ ಪೊಟ್ಟಣದ ಮೇಲೂ ಎಲ್ಲಿಂದ, ಎಲ್ಲಿಗೆ, ಎಷ್ಟನೆಯದು ಎಂದು ಬರೆದಿರಬೇಕು. ಆ ಬರಹವೂ ನಿಮ್ಮ 100ರಲ್ಲೇ ಸಾಗುತ್ತದೆ. ಹೀಗೆ ನೂರಕ್ಕೆ ಐದಾರು ಕಳೆದು 94ರ ಆಸುಪಾಸು ಉಳಿಯುತ್ತದೆ. ಇನ್ನೊಂದು, ಜಾಲದ ಲೆಕ್ಕದಲ್ಲಿ ಮೆಗಾ ಎಂದರೆ 10 ಲಕ್ಷ. ವಿಂಡೋಸ್ ಮಾತ್ರ 1024ನ್ನು 1024ರಿಂದ ಗುಣಿಸಿ, 10,48,576 ಬೈಟಿಗೆ ಒಂದು ಎಂಬಿ ಎನ್ನುತ್ತದೆ. 94ನ್ನು 8ರಿಂದ ಭಾಗಿಸಿ, ಬಂದದ್ದನ್ನು 1.0486ರಿಂದ ಭಾಗಿಸಿ ನೋಡಿ. ನಿಮ್ಮ 11.2 ಸಿಗುತ್ತದೆ.

ಗಣಿತದ ಮೇಷ್ಟ್ರು:
ಶಿವು ಅವರ ಲೆಕ್ಕ ಸರಿ. ಆ ದೊಡ್ಡ ಮೆಗಾಬೈಟಿಗೆ 1998ರಲ್ಲೇ 'ಮೆಬಿಬೈಟ್' ಎಂದು ಬೇರೆ ಹೆಸರಿಟ್ಟಿದ್ದಾರೆ, ಬಳಸುವವರು ಕಡಿಮೆ. ನಾನು ಮಕ್ಕಳಿಗೆ ಸೇರು-ಪಾವಿನಿಂದ ಹೇಳಿಕೊಡುತ್ತೇನೆ. 4 ಪಾವು ಒಂದು ಸೇರು, ಅಂದರೆ 8 ಅರ್ಧ ಪಾವು. ಅಂಗಡಿಯವರು ಅರ್ಧ ಪಾವಿನಲ್ಲಿ ಎಣಿಸಿ ಕೊಟ್ಟದ್ದನ್ನು ನೀವು ಮನೆಯಲ್ಲಿ ಸೇರಿನಲ್ಲಿ ಅಳೆದಿದ್ದೀರಿ. ಅಕ್ಕಿ ಅಷ್ಟೇ ಇದೆ.

ಸುಮಾ ಹೆಗಡೆಕಟ್ಟೆ:
ಮೇಷ್ಟ್ರೇ, ಅಕ್ಕಿ ಅಷ್ಟೇ ಇರಬಹುದು. ಆದರೆ ಸೇರಿನಲ್ಲಿ ಕೊಳ್ಳಲು ಬಂದವರಿಗೆ ಅರ್ಧ ಪಾವಿನ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ತೋರಿಸುವುದು ನ್ಯಾಯವೇ? ಚಿತ್ರ, ಹಾಡು, ದಿನದ ಡೇಟಾ ಮಿತಿ ಎಲ್ಲವೂ ಬೈಟಿನಲ್ಲಿವೆ. ವೇಗವೊಂದನ್ನು ಬಿಟ್ಟಿನಲ್ಲಿ ಹೇಳಿದರೆ ಅಮ್ಮನಂಥವರು ಹೇಗೆ ತಿಳಿಯಬೇಕು?

ಹಳೆಯ ದೂರವಾಣಿ ನೌಕರ:
ಅಮ್ಮಾ, ಬಿಟ್ಟಿನ ಲೆಕ್ಕ ಜಾಹೀರಾತಿನವರು ಹುಟ್ಟಿಸಿದ್ದಲ್ಲ. ತಂತಿಗೆ ಬೈಟ್ ಗೊತ್ತಿಲ್ಲ, ಅದರಲ್ಲಿ ಹರಿಯುವುದು ಸಂಕೇತಗಳ ಸಾಲು. ಹಿಂದಿನ ಕಾಲದಲ್ಲಿ ತಂತಿ ಸಂದೇಶ ಕಳಿಸುತ್ತಿದ್ದ ಬೋಡೋ ಟೆಲಿಗ್ರಾಫಿನಲ್ಲಿ ಒಂದು ಅಕ್ಷರಕ್ಕೆ 5 ಸಂಕೇತ. ಡಯಲ್ ಮಾಡುತ್ತಿದ್ದ ಕಾಲದ ಮೋಡೆಮ್‌ಗಳಲ್ಲಿ ಅಕ್ಷರದ ಹಿಂದೊಂದು ಮುಂದೊಂದು ಗುರುತು ಸೇರಿ 10 ಬಿಟ್ ಆಗುತ್ತಿದ್ದದ್ದೂ ಉಂಟು. ಅಕ್ಷರದ ಅಳತೆ ಬದಲಾಗುತ್ತ ಬಂದಿದೆ, ಬಿಟ್ ಬದಲಾಗಿಲ್ಲ. ಸರ್ಕಾರವೂ ಅದನ್ನೇ ಹಿಡಿದಿದೆ: 2004ರ ನೀತಿಯಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 256 ಕಿಲೋಬಿಟ್ ಸಾಕಿತ್ತು, ಅಂದರೆ ಸೆಕೆಂಡಿಗೆ 32 ಕಿಲೋಬೈಟ್. 2023ರಲ್ಲಿ ಅದು 2 ಮೆಗಾಬಿಟ್ ಆಯಿತು, ಅಂದರೆ 250 ಕಿಲೋಬೈಟ್.

ಸುಮಾ ಹೆಗಡೆಕಟ್ಟೆ:
ಇತಿಹಾಸ ಒಪ್ಪಿದೆ ಸರ್. ಬಿಟ್ ಕೈಬಿಡಿ ಎನ್ನುತ್ತಿಲ್ಲ, ಪಕ್ಕದಲ್ಲಿ ಬೈಟಿನ ಲೆಕ್ಕವನ್ನೂ ಅಚ್ಚು ಹಾಕಲಿ. ಕನ್ನಡಕ್ಕೆ ಇದು ಇನ್ನೂ ಹೆಚ್ಚು ಬೇಕು. ಇಂಗ್ಲಿಷಿನಲ್ಲಿ ಸಣ್ಣ ಬಿ ಬಿಟ್ಟಿಗೆ, ದೊಡ್ಡ ಬಿ ಬೈಟಿಗೆ ಎಂಬ ಗುರುತಾದರೂ ಇದೆ. ನಮ್ಮ ಲಿಪಿಯಲ್ಲಿ ಸಣ್ಣಕ್ಷರ ದೊಡ್ಡಕ್ಷರ ಇಲ್ಲ. ಕರಪತ್ರದಲ್ಲಿ 'ಎಂಬಿ' ಎಂದು ಬರೆದ ಕೂಡಲೇ ಎರಡೂ ಒಂದಾಗುತ್ತವೆ. ಮಲೆನಾಡಿಗರು ಎಡವಿದ್ದು ಅಲ್ಲೇ. ಕನ್ನಡದಲ್ಲಿ ಬರೆಯುವವರು ಮೆಗಾಬಿಟ್, ಮೆಗಾಬೈಟ್ ಎಂದು ಪೂರ್ತಿ ಬರೆಯಲೇಬೇಕು.

ಹಳೆಯ ದೂರವಾಣಿ ನೌಕರ:
ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಇಷ್ಟು ವರ್ಷ ಕೆಲಸ ಮಾಡಿಯೂ ನನಗಿದು ಹೊಳೆದಿರಲಿಲ್ಲ.

ಮಲೆನಾಡಿಗ:
ಮೋಸ ಎಂದದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಇನ್ನೊಂದು ಸಂಶಯ. ಭಾವನ ಮನೆಯಲ್ಲಿ 300 ಮೆಗಾಬಿಟ್ ಯೋಜನೆ. ಅಲ್ಲಿಯೂ ಇದೇ 11.2 ಬರುತ್ತಿದೆಯಲ್ಲ?

ತಂತಿ ಶಿವು:
ಅಲ್ಲಿ ನಿಜವಾಗಿ ತೊಂದರೆ ಇದೆ. ರೂಟರಿನಿಂದ ಕಂಪ್ಯೂಟರಿಗೆ ಹೋಗುವ ಕೇಬಲ್ ಒಳಗೆ 8 ಎಳೆಗಳಿರುತ್ತವೆ. 100 ಮೆಗಾಬಿಟ್ಟಿಗೆ 4 ಎಳೆ ಸಾಕು, ಅದರ ಮೇಲೆ ಹೋಗಲು ಎಂಟೂ ಬೇಕು. ಒಂದು ಎಳೆ ತುಂಡಾಗಿದ್ದರೂ ಸಂಪರ್ಕ ಸಾಮಾನ್ಯವಾಗಿ 100ಕ್ಕೆ ಇಳಿಯುತ್ತದೆ. ಮೊದಲು ಕೇಬಲ್ ಬದಲಿಸಿ. ಆಮೇಲೂ ಏರದಿದ್ದರೆ ರೂಟರಿನ ಕಿಂಡಿಯೇ 100ರದ್ದಾಗಿರಬಹುದು.

ಮಲೆನಾಡಿಗ:
ಕೇಬಲ್ ಬದಲಿಸಿದೆವು. ಈಗ 33.5 ಮೆಗಾಬೈಟ್.