ಕಾನ್ಸಾಸ್‌ನ ಮೆನೊನೈಟ್ ರೈತರೊಬ್ಬರ ನೆನಪನ್ನು ಕನ್ನಡದಲ್ಲಿ ಬರೆಯುವುದು ಹೇಗೆ?

ಪ್ರಶ್ನೆ (ಶಿರಸಿಯಿಂದ)

ಮಾನ್ಯರೆ, ಉದ್ಯೋಗದ ನಿಮಿತ್ತ ನಾನು ಅಮೆರಿಕದ ಕಾನ್ಸಾಸ್ ರಾಜ್ಯದ ನ್ಯೂಟನ್ ಪಟ್ಟಣದ ಸಮೀಪ ನಾಲ್ಕು ವರ್ಷ ಇದ್ದೆ. ನಮಗೆ ಬಾಡಿಗೆಗೆ ಮನೆ ಕೊಟ್ಟಿದ್ದ ಹಿರಿಯರು ಮೆನೊನೈಟ್ ಪಂಥದ ಕ್ರೈಸ್ತರು. ಗೋಧಿ ಬೆಳೆಯುತ್ತಿದ್ದರು, ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ ಸ್ವಂತ ಲಾರಿಯಲ್ಲಿ ದೂರದ ಊರುಗಳಿಗೆ ಸರಕು ಸಾಗಿಸುತ್ತಿದ್ದರು, ಆರು ಮಕ್ಕಳನ್ನು ಬೆಳೆಸಿದ್ದರು. ಕಳೆದ ತಿಂಗಳು ಅವರು ತೀರಿಕೊಂಡರು. ನೆನಪಿರುವುದನ್ನು ಬರೆದು ಕಳುಹಿಸಿ ಎಂದು ಮಕ್ಕಳು ಕೇಳಿದ್ದಾರೆ. ನಾನು ಅದನ್ನು ಮೊದಲು ಕನ್ನಡದಲ್ಲಿ ಬರೆದು ಆಯಿಗೆ ಓದಿ ಹೇಳಬೇಕೆಂದಿದ್ದೇನೆ.

ಅದಕ್ಕೊಂದು ಕಾರಣವಿದೆ. ನನ್ನ ಅಪ್ಪನೂ ಅಡಿಕೆ ತೋಟದ ಜೊತೆಗೆ ಒಂದು ಲಾರಿ ಇಟ್ಟುಕೊಂಡು, ದೇವಿಮನೆ ಘಟ್ಟ ಹತ್ತಿ ಇಳಿದು ನಮ್ಮನ್ನು ಓದಿಸಿದವರು. ಒಂದು ಜೂನ್ ತಿಂಗಳಲ್ಲಿ ಅಪ್ಪ ಆಯಿ ಅಲ್ಲಿಗೆ ಬಂದಿದ್ದಾಗ ಗೋಧಿಯ ಕೊಯ್ಲು ನಡೆದಿತ್ತು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದು ಬಾರದು. ಆದರೆ ಲೋಡು ಹೊರಡುವ ಮೊದಲು ಆ ಹಿರಿಯರು ಕೋಲಿನಿಂದ ಟಯರುಗಳನ್ನು ಒಂದೊಂದಾಗಿ ಬಡಿದು ಸದ್ದು ಕೇಳುತ್ತಿದ್ದಂತೆ ಅಪ್ಪ ಎದ್ದು ಹೋಗಿ, ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನದನ್ನು ಬೆರಳು ಮಾಡಿ ತೋರಿಸಿದರು. ಅದರಲ್ಲಿ ನಿಜವಾಗಿಯೂ ಗಾಳಿ ಕಡಿಮೆಯಾಗಿತ್ತು. ಅಂದಿನಿಂದ ನಾವು ಹೊರಡುವವರೆಗೂ ಅಪ್ಪ ಪ್ರತಿದಿನ ಆ ಲಾರಿಯಲ್ಲಿಯೇ ಕುಳಿತು ಗೋಧಿ ಇಳಿಸಿ ಕೂಡಿಡುವ ದೊಡ್ಡ ಕಣಜವಾದ ಎಲಿವೇಟರ್‌ವರೆಗೆ ಹೋಗಿ ಬಂದರು.

ಇಷ್ಟನ್ನು ಬರೆಯಬಲ್ಲೆ. ಆದರೆ ಮೆನೊನೈಟ್ ಎಂದರೆ ಕುದುರೆಗಾಡಿಯಲ್ಲಿ ಓಡಾಡುವವರೆಂದು ನಮ್ಮವರು ತಿಳಿಯುತ್ತಾರೆ. ಯೌವನದಲ್ಲಿ ಆ ಹಿರಿಯರು ಆಗ ಕಡ್ಡಾಯವಾಗಿದ್ದ ಸೈನ್ಯಸೇವೆಗೆ ಒಪ್ಪದೆ ಎರಡು ವರ್ಷ ಆಸ್ಪತ್ರೆಯೊಂದರಲ್ಲಿ ದುಡಿದದ್ದನ್ನು ಆಯಿಗೆ ಹೇಗೆ ವಿವರಿಸಲಿ?

ಉತ್ತರ (ಹೊನ್ನಾವರದಿಂದ)

ಕುದುರೆಗಾಡಿಯವರೆಂದು ಹೆಸರಾದವರು ಮುಖ್ಯವಾಗಿ ಆಮಿಶ್ ಜನ. 1693ರ ಸುಮಾರಿಗೆ ಯಾಕೋಬ್ ಅಮ್ಮನ್ ಎಂಬವನ ಜೊತೆ ಬೇರೆಯಾದ ಶಾಖೆ ಅದು. ಮೆನೊನೈಟರಲ್ಲಿಯೂ ಕೆಲವು ಸಂಪ್ರದಾಯಸ್ಥ ಗುಂಪುಗಳು ಗಾಡಿಯನ್ನು ಉಳಿಸಿಕೊಂಡಿವೆಯಾದರೂ ಹೆಚ್ಚಿನವರು ಟ್ರ್ಯಾಕ್ಟರು, ಲಾರಿ ಎಲ್ಲವನ್ನೂ ಬಳಸುತ್ತಾರೆ. ಪಂಥದ ಮೂಲ 1525ರಲ್ಲಿ ಜ್ಯೂರಿಕ್‌ನಲ್ಲಿ ನಡೆದ ವಯಸ್ಕರ ದೀಕ್ಷಾಸ್ನಾನ. ಹೆಸರು ಬಂದದ್ದು ನೆದರ್‌ಲ್ಯಾಂಡ್ಸ್‌ನ ಫ್ರೀಸ್‌ಲ್ಯಾಂಡಿನ ಮೆನೊ ಸೈಮನ್ಸ್ ಎಂಬ ಧರ್ಮಗುರುವಿನಿಂದ. ಕಾನ್ಸಾಸ್‌ನವರ ಕಥೆ ನಿಮ್ಮ ಬರಹಕ್ಕೆ ಹತ್ತಿರದ್ದು. ರಷ್ಯಾದ ಚಕ್ರಾಧಿಪತ್ಯದಲ್ಲಿ, ಇಂದಿನ ಯುಕ್ರೇನಿನ ನೆಲದಲ್ಲಿ ಗೋಧಿ ಬೆಳೆಯುತ್ತಿದ್ದ ಇವರ ಹಿರಿಯರಿಗೆ ಸೈನ್ಯಸೇವೆಯಿಂದ ಇದ್ದ ವಿನಾಯಿತಿ 1870ರ ದಶಕದಲ್ಲಿ ಕೈತಪ್ಪುವಂತಾದಾಗ, ಸಾವಿರಾರು ಜನ ಊರು ಬಿಟ್ಟರು. 1874ರಲ್ಲಿ ಕಾನ್ಸಾಸ್‌ಗೆ ಬಂದವರು ಟರ್ಕಿ ರೆಡ್ ಎಂಬ ಚಳಿಗಾಲದ ಗೋಧಿಯ ಬೀಜವನ್ನು ಜೊತೆಗೆ ತಂದರೆಂದು ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಬಂದೂಕು ಹಿಡಿಯಬಾರದೆಂಬ ಹಟ ಮತ್ತು ಆ ಗೋಧಿ ಎರಡೂ ಒಂದೇ ಹಡಗಿನಲ್ಲಿ ಬಂದವು. ಆದ್ದರಿಂದ ಸೈನ್ಯದ ವಿಷಯವನ್ನು ಬೇರೆ ಪ್ಯಾರಾದಲ್ಲಿ ಇಡದೆ ಗೋಧಿಯ ಜೊತೆಯಲ್ಲಿಯೇ ಹೇಳಿ.

ಇನ್ನೊಂದು ಮಾತು. ಅವರ ಹಳೆಯ ಪತ್ರಿಕೆಗಳ ಮರಣವಾರ್ತೆಗಳಲ್ಲಿ ಸತ್ತವರ ಆಯುಷ್ಯವನ್ನು ಇಷ್ಟು ವರ್ಷ, ಇಷ್ಟು ತಿಂಗಳು, ಇಷ್ಟು ದಿನ ಎಂದು ಎಣಿಸಿ ಬರೆಯುವ ರೂಢಿಯಿತ್ತು. ಮಕ್ಕಳೆಷ್ಟು, ಮೊಮ್ಮಕ್ಕಳೆಷ್ಟು ಎಂಬ ಲೆಕ್ಕವೂ ಇರುತ್ತಿತ್ತು. ನೀವೂ ಹಾಗೆ ಎಣಿಸಿ ಬರೆದರೆ ಆ ಮನೆಯವರಿಗೆ ಸಂತೋಷವಾದೀತು.

ಉತ್ತರ (ಅಂಕೋಲೆಯಿಂದ)

ಸೈನ್ಯಕ್ಕೆ ಹೋಗಲೊಪ್ಪದ್ದನ್ನು ವಿವರಿಸಲು ನಿಮ್ಮ ಆಯಿಗೆ ದೂರದ ಉದಾಹರಣೆ ಬೇಡ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಮೇಲೆ ನಮ್ಮ ತಾಲೂಕಿನ ಮತ್ತು ಸಿದ್ದಾಪುರದ ರೈತರು ಕರನಿರಾಕರಣೆಗೆ ನಿಂತು, ಜಮೀನು ಜಪ್ತಿಯಾದರೂ ಕೈ ಎತ್ತದೆ ಸಹಿಸಿದರು. ಆ ಮನೆಗಳ ಮೊಮ್ಮಕ್ಕಳು ನಾವು. ವ್ಯತ್ಯಾಸವನ್ನೂ ಮರೆಯದೆ ಬರೆಯಿರಿ: ನಮ್ಮವರು ಸರ್ಕಾರವನ್ನು ಬದಲಿಸಲು ಹೋರಾಡಿದರು, ನಿಮ್ಮ ಹಿರಿಯರು ತಮ್ಮ ಕೈಯಿಂದ ಇನ್ನೊಬ್ಬರ ಜೀವ ಹೋಗಬಾರದೆಂದಷ್ಟೇ ಬಯಸಿದರು. ಅಮೆರಿಕದಲ್ಲಿ 1952ರಿಂದ ಅಂಥವರಿಗೆ ಆಸ್ಪತ್ರೆ ಮುಂತಾದೆಡೆ ಎರಡು ವರ್ಷದ ಬದಲಿ ಸೇವೆಯ ಏರ್ಪಾಡಿತ್ತು. ‘ಅಪ್ರತಿರೋಧ’ ಎಂಬ ಪುಸ್ತಕದ ಪದಕ್ಕಿಂತ ‘ಬಂದೂಕು ಮುಟ್ಟಲಿಲ್ಲ, ರೋಗಿಗಳ ಹಾಸಿಗೆ ಬದಲಿಸಿದರು’ ಎಂದರೆ ಸಾಕು.

ಉತ್ತರ (ಕುಮಟೆಯಿಂದ)

ನಾನು ಲಾರಿ ಡ್ರೈವರನ ಮಗಳು. ಇಂಥ ಬರಹಗಳಲ್ಲಿ ಲಾರಿಯ ಭಾಗ ಯಾವಾಗಲೂ ರಸ್ತೆಯ ಮೇಲೆಯೇ ಮುಗಿಯುತ್ತದೆ, ಅದು ನನಗೆ ಒಪ್ಪಿಗೆಯಿಲ್ಲ. ಅಪ್ಪ ಅರಬೈಲ್ ಘಟ್ಟದಲ್ಲಿ ಸಿಕ್ಕಿಕೊಂಡ ರಾತ್ರಿಗಳಲ್ಲಿ ಅಮ್ಮ ದೀಪ ಆರಿಸುತ್ತಿರಲಿಲ್ಲ. ನಮ್ಮ ಜ್ವರ, ಪರೀಕ್ಷೆ, ಹಸು ಕರು ಹಾಕಿದ್ದು ಎಲ್ಲವನ್ನೂ ಅವಳೊಬ್ಬಳೇ ನೋಡಿಕೊಂಡಳು. ನಿಮ್ಮ ಆ ಹಿರಿಯರನ್ನು ಕುಟುಂಬವತ್ಸಲ ಎಂದು ಬರೆಯುವ ಮೊದಲು, ಅವರು ಮನೆಯಲ್ಲಿ ಇಲ್ಲದ ದಿನಗಳು ಹೇಗಿದ್ದವೆಂದು ದಯವಿಟ್ಟು ಅವರ ಹೆಂಡತಿಯನ್ನು ಕೇಳಿ.

ಪ್ರಶ್ನೆ ಕೇಳಿದವರ ಮಾತು (ಶಿರಸಿಯಿಂದ)

ಎಲ್ಲರಿಗೂ ಕೃತಜ್ಞತೆಗಳು. ಕುಮಟೆಯ ಅಕ್ಕ ಹೇಳಿದಂತೆ ನಿನ್ನೆ ಆ ಅಜ್ಜಿಗೆ ಫೋನ್ ಮಾಡಿದೆ. ಚಳಿಗಾಲದಲ್ಲಿ ಗಂಡ ಹತ್ತು ಹನ್ನೆರಡು ದಿನ ಮನೆಗೆ ಬರದಿದ್ದದ್ದುಂಟು, ಆಗ ತನಗೆ ಸಿಟ್ಟು ಬರುತ್ತಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆಮೇಲೆ ಗಂಡನ ಲೋಡಿನ ಪುಸ್ತಕಗಳನ್ನು ತರಿಸಿ ಮಗಳಿಂದ ಓದಿಸಿದರು. ದಿನಕ್ಕೊಂದು ಸಾಲು: ಎಷ್ಟು ಮೈಲಿ, ಎಷ್ಟು ಡೀಸೆಲ್, ಕೊಯ್ಲಿನ ಕಾಲದಲ್ಲಾದರೆ ಎಷ್ಟು ಬುಶೆಲ್ (ಅಲ್ಲಿಯ ಧಾನ್ಯದ ಅಳತೆ) ಗೋಧಿ. ಆಲಿಕಲ್ಲು ಬಿದ್ದರೆ ವರ್ಷದ ಬೆಳೆಯೇ ಹೋಗುವುದರಿಂದ ಜೂನಿನಲ್ಲಿ ಒಂದು ದಿನವನ್ನೂ ಬಿಡುವಂತಿಲ್ಲ, ನಮ್ಮಲ್ಲಿ ಒಣಗಲು ಹಾಕಿದ ಅಡಿಕೆಗೆ ಮೋಡ ಕವಿದಂತೆ. ಆದರೂ ಒಂದು ಜೂನ್ ಪುಟದಲ್ಲಿ ಬುಶೆಲ್ ಲೆಕ್ಕದ ಪಕ್ಕದಲ್ಲಿಯೇ ‘ಹೆಣ್ಣು ಮಗು, ತಾಯಿಗೆ ಹುಷಾರಿಲ್ಲ’ ಎಂದು ಬರೆದಿದ್ದಾರೆ. ಮುಂದಿನ ಐದು ದಿನಗಳ ಸಾಲು ಖಾಲಿ ಇವೆ. ಆ ಐದು ದಿನ ಅವರ ಹೊಲದ ಗೋಧಿಯನ್ನು ಅಕ್ಕಪಕ್ಕದವರು ಕೊಯ್ದು ಸಾಗಿಸಿದರಂತೆ. ಪುಸ್ತಕ ಓದುತ್ತಿದ್ದವಳು ಅಂದು ಹುಟ್ಟಿದ ಮಗಳೇ. ಬರಹವನ್ನು ಆ ಪುಟದಿಂದಲೇ ಆರಂಭಿಸುತ್ತೇನೆ.